ಅಣ್ಣನ ಹೆಸರಿನ ಫೋಲ್ಡರು

ಕೀಲಿಮಣೆಯನ್ನು ಬೋರಲು ಹಾಕಿ ಬೆನ್ನಿಗೆ ಗುದ್ದುತ್ತಿದ್ದಳು ಬೋರ್ಡಕ್ಕ. ಬಿಸ್ಕತ್ತಿನ ಪುಡಿ, ಬೆಸುಗೆ ಸೀಸದ ಚೂರು ಉದುರಿದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನೀರಿನ ಪಂಪು ನಡೆಸಲು ಅವಳು ಕಟ್ಟುವ, ಅವಳಿಗೆ ಆ ಹೆಸರು ತಂದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಇನ್ನು ಮುಂದೆ ತಯಾರಿಸಲಿರುವ ಕಾರ್ಖಾನೆಯ ಇಂಜಿನಿಯರಮ್ಮ.

"ಅಕ್ಕಾ, ನೀವು ಕಳಿಸಿದ ಪ್ರೋಗ್ರಾಮು ಏಳ್ತಾನೇ ಇಲ್ಲ. ಫೈಲು ಸಿಗ್ತಿಲ್ಲ ಅಂತ ಬೊಬ್ಬೆ ಹೊಡೀತಿದೆ."

"ಡಿ ಡ್ರೈವಲ್ಲಿ 'ಅಣ್ಣ' ಅಂತ ಫೋಲ್ಡರ್ ಮಾಡಿ ಅದರೊಳಗೆ ಹಾಕಮ್ಮ. ಓಡುತ್ತೆ."

"ನಮ್ಮಲ್ಲಿ ಡಿ ಡ್ರೈವೇ ಇಲ್ಲ, ಇನ್ನು ಅಣ್ಣನ್ನ ಎಲ್ಲಿಂದ ತರ್ಲಿ?" ನಕ್ಕವಳು ದನಿ ತಗ್ಗಿಸಿದಳು. "ಫೈಲುಗಳ ಜೊತೆ ನಿಮ್ಮದೊಂದು ಪತ್ರಾನೂ ಬಂದ್ಬಿಟ್ಟಿದೆ ಅಕ್ಕ. ಮೊದಲ ಸಾಲು ಓದಿ ಮುಚ್ಚಿಬಿಟ್ಟೆ, ನಿಮ್ಮಾಣೆ."

ಬೋರ್ಡಕ್ಕನ ಕಿವಿ ಬಿಸಿಯಾಯಿತು. "ಇರಮ್ಮ, ಸರಿಮಾಡಿ ಕಳಿಸ್ತೀನಿ," ಎಂದಳು.

ಈ ಕೋಣೆಯಲ್ಲಿ ಅವಳೂ ಅಣ್ಣನೂ ಸೇರಿ ದುಡಿದವರು. ದೊಡ್ಡ ಊರಿಗೆ ಹೋಗೋಣವೆಂದ ಅಣ್ಣ, ಒಲ್ಲೆನೆಂದಳು ತಂಗಿ. ಮಾತಿಗೆ ಮಾತು ಬೆಳೆದು ಅವನು ಹೊರಟೇಹೋದ. ಪ್ರೋಗ್ರಾಮು ಹುಟ್ಟಿದ್ದು ಅವನ ಕಂಪ್ಯೂಟರಿನ 'ಅಣ್ಣ' ಫೋಲ್ಡರಿನಲ್ಲಿ; ಆ ಕಂಪ್ಯೂಟರು ಕೆಟ್ಟಮೇಲೂ, ಹೊಸದು ಬಂದಾಗಲೆಲ್ಲ ಅವಳು ಮೊದಲು 'ಅಣ್ಣ' ಎಂಬ ಫೋಲ್ಡರು ಮಾಡಿ ಎಲ್ಲವನ್ನೂ ಅದರೊಳಗೆ ಸುರಿಯುತ್ತಿದ್ದಳು. ಮನೆ ಬದಲಾದದ್ದೇ ತಿಳಿಯದೆ ಪ್ರೋಗ್ರಾಮು ಓಡುತ್ತಿತ್ತು. ಅವನಿಗೆಂದು ಬರೆದ ಪತ್ರವೂ ಅದರೊಟ್ಟಿಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅಲೆಯುತ್ತಿತ್ತು. ಮೊದಲು ಅವನೇ ಬರೆಯಲಿ ಎಂದು ಕಾದದ್ದೇ ಕಾದದ್ದು. ಅವನ ಕುರ್ಚಿಯ ಮೇಲೆ ತಂತಿಯ ಸುರುಳಿಗಳು ಬಂದು ಕೂತವು.

ಪ್ರಾಜೆಕ್ಟಿನ ಫೈಲು ಬಿಚ್ಚಿದಳು. ಸಾಲುಸಾಲಿಗೂ ಡಿ ಡ್ರೈವಿನಿಂದ ಶುರುವಾಗುವ ಅಣ್ಣನ ವಿಳಾಸ. ಅದನ್ನಳಿಸಿ ಎರಡು ಚುಕ್ಕಿ ಇಟ್ಟಳು: ನೀನು ಎಲ್ಲೇ ಇರು, ಅಲ್ಲಿಂದ ಒಂದು ಮೆಟ್ಟಿಲು ಹಿಂದೆ ಬಂದು ಪಕ್ಕದ ಫೋಲ್ಡರಿನಲ್ಲಿ ಹುಡುಕು ಎಂಬ ಅಪ್ಪಣೆ. ಪ್ರತಿ ಸಲವೂ ಆ ಹೆಸರನ್ನು ಒಮ್ಮೆ ಓದಿಯೇ ಅಳಿಸಿದಳು. ಪರೀಕ್ಷೆಗೆಂದು ಎಲ್ಲವನ್ನೂ ಬೇರೆ ಡ್ರೈವಿಗೆ ಎತ್ತಿಹಾಕಿ ನೋಡಿದಳು. ತಕರಾರಿಲ್ಲ. ಮೇಜಿನ ಮೇಲಿದ್ದ ಬೋರ್ಡಿನ ಹಸಿರು ದೀಪ ಮಿಟುಕಿತು.

"ಬಂತಕ್ಕಾ, ಎಲ್ಲಿಟ್ರೂ ಓಡ್ತಿದೆ!" ಎಂದು ಮತ್ತೆ ಫೋನು ಮಾಡಿದಳು ಇಂಜಿನಿಯರಮ್ಮ. "ಆ ಪತ್ರ ಅಳಿಸಿಬಿಡ್ಲಾ?"

"ಅಳಿಸಮ್ಮ. ಹೋಗಬೇಕಾದ ಕಡೆಗೆ ನಾನೇ ಕಳಿಸ್ತೀನಿ."

ಫೋನಿಟ್ಟಮೇಲೆ ಕೋಣೆ ಮತ್ತೆ ಬಿಕೋ ಎಂದಿತು. ಪತ್ರ ತೆರೆದಳು. 'ಅಣ್ಣಾ, ನೀನು ಬಿಟ್ಟುಹೋದ ಕೋಣೆಯಿಂದ ಬರೆಯುತ್ತಿದ್ದೇನೆ' ಎಂದಿತ್ತು. ತಿದ್ದಿ 'ನಮ್ಮ ಕೋಣೆಯಿಂದ' ಎಂದು ಮಾಡಿದಳು. ಎದ್ದು ಹೋಗಿ ತಂತಿಯ ಸುರುಳಿಗಳನ್ನು ಕುರ್ಚಿಯಿಂದ ಕೆಳಗಿಳಿಸಿ ಬಂದಳು. ಆಮೇಲೆ ಪತ್ರವನ್ನು ಕಳಿಸಿದಳು.