ಲೈಲನ ಬಕಲ್ಲು

ವಯೋಮಿಂಗಿನ ಆ ಸೀಮೆಯಲ್ಲಿ ಒಬ್ಬನ ವಯಸ್ಸು ಕೇಳಬಹುದು, ಯಾರಿಗೆ ಓಟು ಹಾಕಿದೆ ಅಂತಲೂ ಕೇಳಬಹುದು. ನಿನ್ನ ಹತ್ತಿರ ಎಷ್ಟು ದನ ಇವೆ ಅಂತ ಮಾತ್ರ ಕೇಳಬಾರದು. ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿದೆ: ಗೆಲ್ಲದ ಬಕಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಅಂಗೈಯಗಲದ ಆ ಬೆಳ್ಳಿ ಬಕಲ್ಲು ರೋಡಿಯೋ ಪಂದ್ಯದ ಬಹುಮಾನ. ಗೂಳಿಯ ಮೇಲೋ ಹುಚ್ಚು ಕುದುರೆಯ ಮೇಲೋ ಕೂತು, ಒಂದೆರಡು ಮೂಳೆ ಮುರಿದುಕೊಂಡು ಸಂಪಾದಿಸಬೇಕಾದದ್ದು. ಹೆಂಗಸರದೇ ಆದ ಪಂದ್ಯವೂ ಒಂದುಂಟು. ಮೂರು ಪೀಪಾಯಿಗಳ ಸುತ್ತ ಕುದುರೆ ಓಡಿಸಬೇಕು. ಹಾಗಾಗಿ ಹೆಂಗಸಿನ ಸೊಂಟದ ಬಕಲ್ಲಿನ ಮೇಲೆ ಪೀಪಾಯಿಯ ಚಿತ್ರ ಕೆತ್ತಿದ್ದರೆ ಅದು ಅವಳದು. ಪೀಪಾಯಿ ಕಾಣದಿದ್ದರೆ ಗಂಡನದು, ಪ್ರೀತಿಯಿಂದ ಹಾಕಿಕೊಂಡಿದ್ದಾಳೆ ಅಂತ ಊರು ತೀರ್ಮಾನಿಸುತ್ತದೆ. ಊರಿಗೆ ತೀರ್ಮಾನಿಸುವುದಕ್ಕೆ ಇಷ್ಟು ಸಾಕು.

ಲೈಲ್ ಹಾಲ್ವರ್ಸನ್ ಏನನ್ನೂ ಗೆದ್ದವನಲ್ಲ. ಕಾರ್ಪೆಟ್ ಮಾರುತ್ತಿದ್ದ. ಆ ಊರಿನ ಅರ್ಧ ಜನ ಅವನು ಹಾಸಿದ ಕಾರ್ಪೆಟ್ಟಿನ ಮೇಲೆಯೇ ನಡೆದಾಡುತ್ತಿದ್ದರು. ಆದರೆ ಕಾಲಡಿಯ ವಸ್ತು ಮಾರುವವನನ್ನು ಯಾರು ತಲೆಯೆತ್ತಿ ನೋಡುತ್ತಾರೆ? ಐವತ್ತು ದಾಟಿದ ಮೇಲೆ ಅವನು ಬಂದೂಕಿನ ಕ್ಲಬ್ಬಿಗೆ ಸೇರಿದ. ಅಲ್ಲಿ ಬ್ಯಾಂಕಿನವರು, ಕೊಳಾಯಿಯವರು, ಹಲ್ಲಿನ ಡಾಕ್ಟರು ಎಲ್ಲರೂ ಮುತ್ತಜ್ಜಂದಿರ ಕಾಲದ ಉಡುಪು ತೊಟ್ಟು, ಊರಾಚೆಯ ಜಲ್ಲಿ ಕ್ವಾರಿಯಲ್ಲಿ ಕಬ್ಬಿಣದ ತಟ್ಟೆಗಳಿಗೆ ಗುಂಡು ಹೊಡೆಯುತ್ತಿದ್ದರು. ಲೈಲನ ಗುಂಡುಗಳು ಬಹುಮಟ್ಟಿಗೆ ಹಿಂದಿನ ಗುಡ್ಡಕ್ಕೆ ತಗಲುತ್ತಿದ್ದವು. ಆದರೆ ಆ ವರ್ಷದ ದೊಡ್ಡ ಕೂಟಕ್ಕೆ ಅವನನ್ನೇ ಮಾರ್ಷಲ್ ಮಾಡಿದರು. ಗುರಿಕಾರರು ಸ್ಪರ್ಧೆ ಬಿಟ್ಟು ಬರುವುದಿಲ್ಲವಲ್ಲ. ಮಾರ್ಷಲ್ಲನ ಕೆಲಸ ಎಲ್ಲರ ಮುಂದೆ ನಿಂತು ನಿಯಮ ಓದುವುದು, ಆಮೇಲೆ ಫೋಟೋಕ್ಕೆ ನಿಲ್ಲುವುದು. ಲೈಲನಿಗೆ ಬದುಕಿನಲ್ಲಿ ಒಂದು ಸಲ, ಒಂದೇ ಒಂದು ಸಲ, ಊರು ತನ್ನನ್ನು ಗಂಡಸು ಅಂತ ನೋಡಲಿ ಅನ್ನುವ ಆಸೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅವನು ಅದಕ್ಕೆ ಹಿಡಿದ ದಾರಿ ಮಾತ್ರ ನಗು ತರಿಸುವಂಥದ್ದು.

ಮೊದಲು ಕುದುರೆ ಜೀನು ಹೊಲಿಯುವ ರಸ್ ಟೋಬಿನ್ನನ ಅಂಗಡಿಗೆ ಹೋಗಿ ಮೂರು ಅಂಗುಲ ಅಗಲದ, ಎರಡು ಪದರದ ಚರ್ಮದ ಬೆಲ್ಟು ಹೇಳಿದ. ಎರಡು ಪಕ್ಕಕ್ಕೂ ಒಂದೊಂದು ಪಿಸ್ತೂಲು ತೂಗಬೇಕು. ರಸ್ ಗಲ್ಲಾದ ಮೇಲೆ ಬಕಲ್ಲುಗಳನ್ನು ಸುರಿದ. ಎಲ್ಲವೂ ಕಬ್ಬಿಣದ ಚೌಕಟ್ಟು, ನಡುವೆ ಬೆಲ್ಟಿನ ತೂತಿಗೆ ಹೋಗುವ ನಾಲಿಗೆ. ಎತ್ತಿನಗಾಡಿಯ ಕಾಲದಿಂದ ಬಂದೂಕಿನ ಬೆಲ್ಟಿಗೆ ಹಾಕುತ್ತಿದ್ದಂಥವು. ಲೈಲ್ ಒಂದೊಂದನ್ನೇ ಎತ್ತಿ ನೋಡಿ, ಇವು ಕತ್ತೆಯ ಹೊಟ್ಟೆಪಟ್ಟಿಗೆ ಸರಿ ಎಂದ. ಅವನಿಗೆ ಬೇಕಾದದ್ದು ಬೆಳ್ಳಿಯ ದೊಡ್ಡ ಬಕಲ್ಲು.

"ಅದು ಅಂಗಡೀಲಿ ಸಿಗಲ್ಲ ಕಣೋ, ಗೂಳಿ ಮೇಲೆ ಸಿಗುತ್ತೆ," ಎಂದ ರಸ್. ಹೇಳಿ, ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅದರಡಿಯಲ್ಲಿ ಮೂವತ್ತು ವರ್ಷದಿಂದ ಬಿಸಿಲು ಕಾಣದೆ ಕೂತಿದ್ದ ತನ್ನ ಬಕಲ್ಲನ್ನು ತೋರಿಸಿದ. ಲೈಲ್ ಅದನ್ನು ದೇವರ ದರ್ಶನದ ಹಾಗೆ ನೋಡಿದ. ಬಕಲ್ಲಿಲ್ಲದ ಬೆಲ್ಟನ್ನೇ ಹೊಲಿಯಲು ಹೇಳಿ ಮನೆಗೆ ಬಂದ.

ಬಕಲ್ಲು ಮನೆಯಲ್ಲೇ ಇತ್ತು. ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡು ಮತ್ತು ಸತ್ತ ಬ್ಯಾಟರಿಗಳ ಅಡಿಯಲ್ಲಿ. ಅವನ ಹೆಂಡತಿ ಡಾರ್ಲಾ ಬೆಟ್ಟದಾಚೆಯ ಇನ್ನೊಂದು ಕೌಂಟಿಯವಳು. ಹದಿನೆಂಟರ ಹರೆಯದಲ್ಲಿ ಗೆದ್ದು, ಮದುವೆಯಾಗಿ ಬಂದಾಗ ತಂದು ಅಲ್ಲಿಟ್ಟಿದ್ದಳು. ಅದರ ವಿಷಯ ಅವಳೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಅಂಚಿನಲ್ಲಿ ಕೌಂಟಿ ಮೇಳ, 1983 ಅಂತ ಇತ್ತು. ನಡುವೆ ಪಕ್ಕಕ್ಕೆ ವಾಲಿದ ಒಂದು ಕುದುರೆ. ಅದರ ಮುಂದೆ, ಹಾಳು ಪೀಪಾಯಿ. ಕೇಳಿದರೆ ಕೊಡಲಿಕ್ಕಿಲ್ಲ ಅಂತ ಲೈಲ್ ಕೇಳಲಿಲ್ಲ. ಗಂಡ ಹೆಂಡಿರ ಟ್ರಕ್ಕು ಒಂದೇ, ಮಂಚ ಒಂದೇ, ಬಕಲ್ಲು ಮಾತ್ರ ಬೇರೆಯಾ ಅಂತ ತನಗೆ ತಾನೇ ವಕಾಲತ್ತು ಮಾಡಿಕೊಂಡ. ಷೆರಿಫರು ಎದೆಗೆ ಚುಚ್ಚಿಕೊಳ್ಳುವಂಥ ತಗಡಿನ ನಕ್ಷತ್ರವೊಂದನ್ನು ತಂದು, ಪೀಪಾಯಿ ಸರಿಯಾಗಿ ಮುಚ್ಚುವ ಹಾಗೆ ಕಾರ್ಪೆಟ್ ಗೋಂದು ಬಳಿದು ಒತ್ತಿದ. ಇಪ್ಪತ್ತು ವರ್ಷ ಗ್ಯಾರಂಟಿ ಅಂತ ಗಿರಾಕಿಗಳಿಗೆ ಎದೆ ತಟ್ಟಿ ಹೇಳುತ್ತಿದ್ದ ಗೋಂದು ಅದು. ಒಣಗಿದ ಮೇಲೆ ನೋಡಿದರೆ ಕುದುರೆ ನಕ್ಷತ್ರವನ್ನು ಕಂಡು ಬೆಚ್ಚಿಬಿದ್ದ ಹಾಗಿತ್ತು.

ಕೂಟದ ದಿನ ಕ್ವಾರಿಯಲ್ಲಿ ಎಲ್ಲರ ಕಣ್ಣೂ ಅವನ ಸೊಂಟದ ಮೇಲೆ. ಡಾರ್ಲಾ ಮಾತ್ರ ದೂರದಲ್ಲಿ, ಗುಂಡು ತುಂಬುವ ಮೇಜಿನ ಹತ್ತಿರ ಇದ್ದಳು. ಬಂದೂಕುಗಳ ಸುರಕ್ಷತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಹಲ್ಲಿನ ಡಾಕ್ಟರು ಬಗ್ಗಿ ನೋಡಿ, ಎಂಬತ್ತಮೂರರದ್ದಾ, ಹುಚ್ಚು ಕುದುರೆ ಪಂದ್ಯವಾ ಎಂದು ಕೇಳಿದರು. ಲೈಲ್ ಸುಳ್ಳು ಹೇಳಲಿಲ್ಲ. "ತುಂಬಾ ಹಳೇ ಮಾತು ಬಿಡಿ," ಎಂದ. ಮುಕ್ಕಾಲು ಊರಿನ ಹಲ್ಲು ಕಿತ್ತ ಆ ಡಾಕ್ಟರು ಆವತ್ತು ಲೈಲನ ಕೈ ಕುಲುಕಿ, ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ, ಎಂಥ ವಿನಯ ಅಂದರು. ವಿನಯದ ಹೊಗಳಿಕೆ ಲೈಲನಿಗೆ ಬಹಳ ಹಿತವಾಯಿತು.

ಅವನು ಮುಂದೆ ನಿಂತು ಗಟ್ಟಿಯಾಗಿ ನಿಯಮ ಓದಿದ. ಬಂದೂಕು ನೆಲಕ್ಕೆ ಬೀಳಿಸಿದವನು, ಅದು ತುಂಬಿರಲಿ ಖಾಲಿ ಇರಲಿ, ಅವತ್ತಿಗೆ ಮನೆಗೆ ಹೋಗತಕ್ಕದ್ದು. ಬಿದ್ದ ಬಂದೂಕನ್ನು ಅವನು ತಾನೇ ಮುಟ್ಟಕೂಡದು, ಸುರಕ್ಷತೆಯವರೇ ಬಂದು ಎತ್ತಬೇಕು. ಆ ಸಾಲನ್ನು ಎರಡು ಸಲ ಓದಿದ, ದನಿ ಚೆನ್ನಾಗಿ ಏಳುತ್ತಿತ್ತು. ಆಮೇಲೆ ಫೋಟೋ.

ಈಗ ಆ ಬಕಲ್ಲಿನ ಗುಟ್ಟು ಹೇಳಬೇಕು. ಅದಕ್ಕೆ ನಾಲಿಗೆ ಇಲ್ಲ, ಹಿಂದೆ ಒಂದು ಕೊಕ್ಕೆ ಅಷ್ಟೇ. ತೆಳು ಬೆಲ್ಟಿನ ತೂತಿಗೆ ಪೂರ್ತಿ ಇಳಿಯುವ ಕೊಕ್ಕೆ, ಎರಡು ಪದರದ ಚರ್ಮಕ್ಕೆ ಅರ್ಧವೇ ಇಳಿದಿತ್ತು. ಅದನ್ನು ಬಿಗಿ ಹಿಡಿದಿದ್ದದ್ದು ಲೈಲನ ಹೊಟ್ಟೆ. ಹೊಟ್ಟೆ ಹೊಟ್ಟೆಯಾಗಿ ಇದ್ದಷ್ಟು ಹೊತ್ತು ಬೆಲ್ಟಿಗೆ ಭಯವಿರಲಿಲ್ಲ. ಫೋಟೋ ತೆಗೆಯುವವನು ಕೈ ಎತ್ತಿದ. ಲೈಲ್ ಎದೆಯುಬ್ಬಿಸಿ ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಗೆಳೆದುಕೊಂಡ. ಬೆಲ್ಟು ಸಡಿಲವಾಯಿತು, ಕೊಕ್ಕೆ ಕಳಚಿತು. ಎರಡು ಪಿಸ್ತೂಲು, ಬೆಲ್ಟು, ಬಕಲ್ಲು ಎಲ್ಲಾ ಒಟ್ಟಿಗೆ ಅವನ ಬೂಟಿನ ಮೇಲೆ ಬಿದ್ದವು.

ಯಾರೂ ನಗಲಿಲ್ಲ. ನಗುವ ಊರಲ್ಲ ಅದು, ಆಮೇಲೆ ಮಾತಾಡುವ ಊರು. ಲೈಲ್ ಬಗ್ಗಿ ಎತ್ತುವ ಹಾಗಿರಲಿಲ್ಲ. ತಾನೇ ಓದಿದ ನಿಯಮದ ನಡುವೆ ಕಂಬದ ಹಾಗೆ ನಿಂತ. ಡಾರ್ಲಾ ಮೇಜು ಬಿಟ್ಟು ಬಂದಳು. ಅವಸರವಿಲ್ಲದೆ ಒಂದೊಂದು ಪಿಸ್ತೂಲನ್ನೂ ಎತ್ತಿ ತಿರುಗಿಸಿ ನೋಡಿ, ಖಾಲಿ ಇದೆ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಆಮೇಲೆ ಬೆಲ್ಟು ಎತ್ತಿದಳು. ಬಕಲ್ಲು ನೋಡಿದಳು. ನಕ್ಷತ್ರದ ಅಂಚನ್ನು ಉಗುರಿನಿಂದ ಒಮ್ಮೆ ಎಬ್ಬಿಸಿ ನೋಡಿದಳು. ಏಳಲಿಲ್ಲ. ಅವಳ ಮುಖ ಕೆಂಪೇರಿದ್ದನ್ನು ಲೈಲ್ ಒಬ್ಬನೇ ಕಂಡ. 

ಅವಳು ಬಕಲ್ಲನ್ನು ಕಳಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ನಿಯಮ ಓದಿದವನು ನೀನೇ ಅಲ್ವಾ," ಎಂದಳು ಮೆಲ್ಲಗೆ. "ಮನೆಗೆ ಹೋಗು. ಫ್ರಿಜ್ಜಲ್ಲಿ ನಿನ್ನೆಯ ಬೀನ್ಸ್ ಸಾರಿದೆ, ಬಿಸಿ ಮಾಡ್ಕೋ."

ಅಂದು ಸಂಜೆ ಅವಳು ಬೈಯಲಿಲ್ಲ. ಮರುದಿನವೂ ಬೈಯಲಿಲ್ಲ. ಲೈಲ್ ಅವಳಿಂದ ಬಕಲ್ಲು ಕೇಳಿ ತೆಗೆದುಕೊಂಡು, ಅಂಗಡಿಯಲ್ಲಿದ್ದ ಗೋಂದು ಕರಗಿಸುವ ಎಣ್ಣೆಗಳನ್ನೆಲ್ಲ ತಂದು ನಕ್ಷತ್ರಕ್ಕೆ ಸುರಿದ. ಚಾಕು ಹಾಕಿ ಎಬ್ಬಿಸಿದರೆ ಬೆಳ್ಳಿಯೇ ಸೀಳುವ ಹಾಗಿತ್ತು. ಗೋಂದಿನ ವಿಷಯದಲ್ಲಿ ಅವನು ಗಿರಾಕಿಗಳಿಗೆ ಸುಳ್ಳು ಹೇಳಿರಲಿಲ್ಲ. ತಪ್ಪಾಯಿತು ಅಂತ ಬಕಲ್ಲನ್ನು ಹಾಗೆಯೇ ತಂದು ಅವಳ ಮುಂದಿಟ್ಟ. ಡಾರ್ಲಾ ಅದನ್ನು ಒರೆಸಿ, ಡ್ರಾಯರಿಗೆ ಹಾಕದೆ, ತನ್ನ ಜೀನ್ಸಿನ ತೆಳು ಬೆಲ್ಟಿಗೆ ಸಿಕ್ಕಿಸಿದಳು. ಕೊಕ್ಕೆ ಪೂರ್ತಿ ಇಳಿಯಿತು.

ಶನಿವಾರ ಬೆಳಿಗ್ಗೆ ಇಬ್ಬರೂ ವೆಲ್ಮಾಳ ಹೋಟೆಲಿಗೆ ತಿಂಡಿಗೆ ಹೋದರು. ವೆಲ್ಮಾ ಕಾಫಿ ಬಗ್ಗಿಸುತ್ತಾ ಡಾರ್ಲಾಳ ಸೊಂಟ ನೋಡಿ, "ಲೈಲನ ಬಕಲ್ಲು ನಿಂಗೇ ಚೆನ್ನಾಗಿ ಒಪ್ಪುತ್ತೆ ಕಣೇ," ಎಂದಳು. ಪಕ್ಕದ ಮೇಜಿನವರೂ ತಿರುಗಿ ನೋಡಿ ತಲೆಯಾಡಿಸಿದರು. ಬೆಲ್ಟು ಬಿದ್ದದ್ದು ದುರದೃಷ್ಟ, ಆದರೆ ಗೆದ್ದವನು ಗೆದ್ದವನೇ ಅನ್ನುವ ನೋಟ. ಲೈಲ್ ಜೀವಮಾನವಿಡೀ ಕಾದಿದ್ದ ನೋಟ ಅದೇ. ಡಾರ್ಲಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಅವನನ್ನು ನೋಡಿದಳು, ಅಷ್ಟೇ.

ಲೈಲ್ ಫೋರ್ಕು ಕೆಳಗಿಟ್ಟ. "ಅದು ನಂದಲ್ಲ, ವೆಲ್ಮಾ. ಅವಳದು. ನಕ್ಷತ್ರದ ಕೆಳಗೆ ಪೀಪಾಯಿ ಇದೆ. ನಾನೇ ಅಂಟಿಸಿ ಮುಚ್ಚಿದ್ದು."

ವೆಲ್ಮಾ ಕಾಫಿ ಜಗ್ಗು ಹಿಡಿದುಕೊಂಡೇ ನಕ್ಕಳು. ತಾನು ಗೆದ್ದದ್ದನ್ನು ಹೀಗೆ ಹೆಂಡತಿಗೆ ಬಿಟ್ಟುಕೊಡುವ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದಳು. ನಿಜವಾಗಲೂ ಅವಳದೇ ಎಂದು ಲೈಲ್ ಇನ್ನೊಮ್ಮೆ ಹೇಳಿದ.

"ಹೌದಾ? ಹಾಗಾದ್ರೆ ಅವಳ ಕುದುರೆ ಹೆಸರೇನು ಹೇಳು ನೋಡೋಣ."

ಲೈಲ್ ಬಾಯಿ ತೆರೆದ. ಆ ಕುದುರೆಯ ಜೊತೆ ಅವಳು ಬೆಳೆದದ್ದು, ಅದನ್ನು ಮಾರಿಯೇ ಮದುವೆಗೆ ಬಂದದ್ದು ಅವನಿಗೆ ಮಸುಕು ಮಸುಕಾಗಿ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ.  ಬೆಲ್ಟು ಬಿದ್ದಾಗ ಆಗದ ನಾಚಿಕೆ ಆಗ ಆಯಿತು. ನೋಡಿದಿರಾ, ಸಿಕ್ಕಿಬಿದ್ದ ಅನ್ನುವ ಹಾಗೆ ವೆಲ್ಮಾ ಪಕ್ಕದ ಮೇಜಿಗೆ ಕಣ್ಣು ಮಿಟುಕಿಸಿ ಒಳಗೆ ಹೋದಳು.

"ಡಚೆಸ್," ಎಂದಳು ಡಾರ್ಲಾ, ಬ್ರೆಡ್ಡಿನಿಂದ ಕಣ್ಣೆತ್ತದೆ. "ಡಚೆಸ್ ಅಂತ ಹೆಸರು. ನೆನಪಿಟ್ಕೋ. ಗೋಂದಿಗೆ ಇಪ್ಪತ್ತು ವರ್ಷ ಗ್ಯಾರಂಟಿ ಇದ್ಯಲ್ಲ, ಕೇಳಿದವರಿಗೆಲ್ಲ ನೀನೇ ಹೇಳ್ತಾ ಇರು."