ಅವ್ವ ಊದಿದ ಬಿಳಿ ಚೂರು

ಕಾಗಲದಲ್ಲಿ ಕೆಲಸದ ಜಾಗದ ಪಕ್ಕದ ಸಕ್ಕರೆ ಕಾರ್ಖಾನೆಯ ವಾಸನೆ ಓಢಣಿಯಲ್ಲಿ ಇನ್ನೂ ಇದೆ, ಕೊಲ್ಲಾಪುರದ ಆಸ್ಪತ್ರೆಯ ಫಿನೈಲಿಗೂ ಜಗ್ಗಿಲ್ಲ, ಹಾಳಾದ್ದು, ಎಲ್ಲಿಗೆ ಹೋದರೂ ಕೆಲಸ ಬೆನ್ನು ಬಿಡುವುದಿಲ್ಲ — ಆಪರೇಷನ್ ಕೋಣೆಯ ಬಾಗಿಲಲ್ಲಿ ಅವ್ವನ ಸ್ಟ್ರೆಚರ್ ನಿಂತಿದೆ, ನರ್ಸ್ ಕೈಯ ಟ್ರೇಯಲ್ಲಿ ಸೀಲು ಮಾಡಿದ ಪೊಟ್ಟಣ, ಅದರೊಳಗೆ ಅವ್ವನ ಕಾಲಿನೆಲುಬಿಗೆ ತುಂಬುವ ಬಿಳಿ ಚೂರು, ಅದನ್ನು ಕೆಲಸದ ಭಟ್ಟಿಯಲ್ಲಿ ಸುಟ್ಟವಳು ಮಗಳು ಮೃಣಾಲಳೇ, ಅದು ಎಮ್ಮೆಯ ಎಲುಬು. ಹೇಳಿಬಿಡಬೇಕು, ಈಗಲೇ. ಹೇಳಿದರೆ ಅವ್ವ ಇಳಿದು ತನ್ನೂರು ಉದಗಾಂವದ ಬಸ್ಸು ಹಿಡಿಯುತ್ತಾಳೆ, ಗಂಟು ತೆಗೆದು ಪೊಳ್ಳಾದ ಅದೇ ಕಾಲಿನ ಮೇಲೆ, ಡಾಕ್ಟರು ಹೇಳಿದ್ದಾರಲ್ಲ, ಪೊಳ್ಳ ತುಂಬಲಿಲ್ಲ ಅಂದ್ರ ಕಾಲ ಒಂದಿನ ಕಟಕ್ಕನ ಮುರೀತೈತ್ರಿ, ಆಮ್ಯಾಲ ನನ್ನ ಕೈಯಾಗೂ ಇಲ್ಲ. ಪುಡಿಯಿಂದ ಮಾಡಿದ ಚೂರನ್ನೇ ಹಾಕಿಸಬೇಕೆಂದಿದ್ದಳು ಮೃಣಾಲ, ಪ್ರಾಣಿಯ ಸಂಬಂಧವೇ ಇಲ್ಲದ ರಾಸಾಯನಿಕ ಪುಡಿ, ನೀರಿಗೆ ಕಲಸಿದ ಅದರ ರಾಡಿಯಲ್ಲಿ ಸ್ಪಂಜು ಅದ್ದಿ, ಒಣಗಿಸಿ ಸುಟ್ಟರೆ ಸ್ಪಂಜು ಉರಿದುಹೋಗಿ ತೂತುಗಳು ಉಳಿಯುತ್ತವೆ, ಆ ತೂತುಗಳಲ್ಲಿ ಅವ್ವನದೇ ಎಲುಬು ಬೆಳೆದು ತುಂಬಿಕೊಳ್ಳಬೇಕು — ಅವಸರಕ್ಕೆ ಬಿದ್ದು ಬೆಂಕಿ ಏರಿಸಿದಳು, ಭಟ್ಟಿ ತೆಗೆದರೆ ಎಲ್ಲ ಬಿರುಕು. ಆಪರೇಷನ್ನಿನ ಹೊತ್ತಿಗೆ ಸಿದ್ಧವಿದ್ದದ್ದು ಎಮ್ಮೆಯ ಎಲುಬಿನದು ಮಾತ್ರ. ಮಾಲೀಕ ಆಶಿಷ ನಕ್ಕಿದ್ದ, ಅಷ್ಟ ಬೆಂಕ್ಯಾಗ ಸುಟ್ಟಮ್ಯಾಲ ಎಲುಬ ಎಲ್ಲಿ ಉಳೀತೈತಿ ಮೃಣಾಲ, ನೀನೂ ಭಾರೀ ಇದ್ದೀ ನೋಡ, ಬರೇ ಖನಿಜ ಅದು. ಬರೇ ಖನಿಜ, ಹಾಗಾದರೆ ಹೇಳಲು ನಾಲಿಗೆ ಯಾಕೆ ಏಳುವುದಿಲ್ಲ, ನಲ್ಲಿಗೆ ಬಟ್ಟೆ ಕಟ್ಟಿ ನೀರು ಸೋಸುವ ಅವ್ವ, ಹೊತ್ತು ಮುಳುಗಿದರೆ ತುತ್ತು ಮುಟ್ಟದ ಅವ್ವ, ಕೊಟ್ಟಿಗೆಯ ಎಮ್ಮೆ ಸತ್ತ ದಿನ ಒಲೆಯನ್ನೇ ಹಚ್ಚದ ಅವ್ವ, ನಿನ್ನೆ ಇದೇ ಎಲುಬಿನ ಉಳಿದ ತುಂಡು ತೋರಿಸಿದಾಗ ಅಂಗೈಯಲ್ಲಿಟ್ಟು, ಕನ್ನಡಕ ಏರಿಸಿ, ಎಷ್ಟ ಸಣ್ಣ ಸಣ್ಣ ತೂತ ಅದಾವ, ಒಳಗ ಇರಿವಿ ಗಿರಿವಿ ಹೊಕ್ಕಿದ್ರ, ಪಾಪ, ಎಂದು ತುಟಿ ಕೂಡಿಸಿ ಮೆಲ್ಲಗೆ ಊದಿದಳು.

ಮೃಣಾಲ. ಅವ್ವ ಕರೆಯುತ್ತಿದ್ದಾಳೆ, ಕೈ ತಣ್ಣಗಿದೆ, ಪುಡೀದ ಹೌದಲ್ಲ ಅದು? ಈಗ, ಈಗ ಹೇಳು — ಹೂನವ್ವಾ, ಎನ್ನುತ್ತದೆ ಬಾಯಿ. ನೀನ ಕೈಯಾರೆ ಮಾಡೀದಿ, ಮತ್ತ ನಾ ಯಾಕ ಹೆದರ್ಲಿ. ಚಲಾ ಮಾವಶಿ, ಹೋಗೋಣ ಚಿಕ್ಕಮ್ಮ, ಎನ್ನುತ್ತಾಳೆ ಮರಾಠಿ ನರ್ಸ್, ಗಾಲಿ ಉರುಳುತ್ತದೆ, ಅವ್ವಾ ತಡಿ, ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು, ಕಾಲು ಉಳಿಯುತ್ತದೆ, ಅವ್ವ ನಡೆಯುತ್ತಾಳೆ, ಬಸದಿಗೆ ನಡೆದೇ ಹೋಗುತ್ತಾಳೆ, ಚಪ್ಪಲಿ ಹೊರಗೆ ಬಿಟ್ಟು, ಆ ಕಾಲನ್ನೇ ಒಳಗಿಟ್ಟು, ಬರೇ ಖನಿಜ, ಬರೇ — ಅಂಗೈಯಲ್ಲಿ ಬಿಳಿ ಚೂರು, ಕೂಡಿದ ತುಟಿ, ಮೆಲ್ಲಗೆ, ಇರುವೆಗೂ ನೋವಾಗದಷ್ಟು ಮೆಲ್ಲಗೆ, ಅವ್ವ ಊದುತ್ತಿದ್ದಾಳೆ.