ಮೊಲ ಇಟ್ಟುಹೋದ ತತ್ತಿ

ಇಜೇರಿಯ ಗುರಮ್ಮ ತನ್ನ ಮನೆಯ ಹೊರಗಿನ ಖೋಲಿಯನ್ನು ದವಾಖಾನೆಯ ನರ್ಸ್ ಸುಂದರಬಾಯಿಗೆ ಬಾಡಿಗೆಗೆ ಕೊಡುವಾಗ ಹಾಕಿದ್ದು ಒಂದೇ ಕರಾರು: ಹೊಸ್ತಿಲೊಳಗೆ ತತ್ತಿ ಬರಕೂಡದು. ಮಾಂಸದ ಮಾತನ್ನು ಎತ್ತಲೇ ಇಲ್ಲ. ಕೊರಳಲ್ಲಿ ಲಿಂಗವಿರುವವರ ಮನೆಯಲ್ಲಿ ಅದನ್ನು ಬೇರೆ ಬಾಯಿಬಿಟ್ಟು ಹೇಳಬೇಕೆ ಎಂಬುದು ಅವಳ ವಿಚಾರ. ಬೀದರ ಕಡೆಯ ಕ್ರೈಸ್ತರ ಹುಡುಗಿ ಸುಂದರಬಾಯಿ "ಆಯ್ತ್ರಿ ಅವ್ವಾರ" ಎಂದಳು, ಹಾಗೇ ನಡೆದುಕೊಂಡಳು. ಆಡಿಕೊಳ್ಳಲು ಒಂದು ತಪ್ಪೂ ಸಿಗದೆ ಗುರಮ್ಮನಿಗೆ ತುಸು ಬೇಸರವೇ ಆಗಿತ್ತು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಊರ ಮಕ್ಕಳಿಗೆ ದಡಾರ ಎದ್ದಿತು. ಸುಂದರಬಾಯಿಗೆ ಹಬ್ಬಕ್ಕೆ ರಜೆ ಸಿಗಲಿಲ್ಲ. ದವನದ ಹುಣ್ಣಿಮೆ ಕಳೆದ ಮರುದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ಸಪ್ಪಗೆ ಕೂತಿದ್ದನ್ನು ನೋಡಿ, ರೊಟ್ಟಿ ಬಡಿಯುತ್ತಿದ್ದ ಗುರಮ್ಮ ಕೇಳಿದಳು.

"ಅದ್ಯಾವ ಹಬ್ಬ ಅಂತೀನಿ?"

"ಈಸ್ಟರ್ ರೀ, ಬರೂ ಐತ್ವಾರ. ಯೇಸುಸ್ವಾಮಿನ್ನ ಶುಕ್ರವಾರ ಶಿಲುಬಿಗಿ ಏರಿಸಿದ್ರು. ಐತ್ವಾರ ನಸುಕಿನ್ಯಾಗ ಹೆಣ್ಮಕ್ಕಳು ಸಮಾಧಿಗಿ ಹೋಗಿ ನೋಡಿದ್ರ ಬಾಗಿಲಿಗಿ ಮುಚ್ಚಿದ ಕಲ್ಲು ಸರದಿತ್ತು. ಸ್ವಾಮಿ ಎದ್ದು ಬಂದಿದ್ರು. ಇವರು ಓಡಿಬಂದು ಹೇಳಿದ್ರ ಗಂಡಸರು ನಂಬಲಿಲ್ಲ."

ಗುರಮ್ಮನ ಕೈ ನಿಂತಿತು. ಹೊರಗಿನ ಕಟ್ಟೆಯಲ್ಲಿ ರೇಡಿಯೋ ತಿರುವುತ್ತ ಕೂತ ಗಂಡ ಹಣಮಂತರಾಯನಿಗೆ ಕೇಳುವಂತೆ, "ಎಲ್ಲಾ ದೇಶದಾಗೂ ಇದೇ ಹಣೇಬರಹ," ಎಂದಳು. ರೇಡಿಯೋದ ಸದ್ದು ಸ್ವಲ್ಪ ಏರಿತು.

ಅಲ್ಲಿಂದ ಮಾತು ಬೆಳೆಯಿತು. ಹಬ್ಬಕ್ಕೆ ಮುಂಚೆ ನಲವತ್ತು ದಿನ ಉಪವಾಸವಂತೆ, ಹಿಂದಿನ ಕಾಲದಲ್ಲಿ ತತ್ತಿಯನ್ನೂ ಮುಟ್ಟುತ್ತಿರಲಿಲ್ಲವಂತೆ. "ಅಂದ್ರ ನಲವತ್ತು ದಿನ ನಮ್ಮವರೇ ಆಗಿದ್ರು ಬಿಡು," ಎಂದು ಗುರಮ್ಮ ಒಪ್ಪಿದಳು. ಆದರೆ ಉಪವಾಸ ಕೋಳಿಗಳಿಗೆ ತಿಳಿಯಬೇಕಲ್ಲ, ಅವು ಇಡುತ್ತಲೇ ಇದ್ದವು. ಹಾಗೆ ಕೂಡಿಬಿದ್ದ ತತ್ತಿಗೆ ಬಣ್ಣ ಹಚ್ಚಿ ಹಬ್ಬದ ದಿನ ಹಂಚಿದರು. ಒಡೆದು ಮರಿ ಹೊರಬರುತ್ತದಲ್ಲ, ಸಮಾಧಿಯಿಂದ ಎದ್ದು ಬಂದ ಹಾಗೆ ಎಂದೂ ಅರ್ಥ ಹೇಳಿದರು. ಗ್ರೀಸ್ ದೇಶದವರು ಎಲ್ಲವನ್ನೂ ಕೆಂಪು ಮಾಡುತ್ತಾರೆ. ಫ್ರಾನ್ಸಿನಲ್ಲಿ ಚರ್ಚಿನ ಗಂಟೆಗಳು ರೋಮಿಗೆ ಹಾರಿಹೋಗಿ ಮಕ್ಕಳಿಗೆ ತಿನಿಸು ತರುತ್ತವೆ. ಇದನ್ನೆಲ್ಲ ಸುಂದರಬಾಯಿಗೆ ಹೇಳಿದ್ದು ಅವಳು ನರ್ಸಿಂಗ್ ಕಲಿತ ಕಡೆ ಇದ್ದ ಜರ್ಮನಿಯ ಡಾಕ್ಟರಬಾಯಿ.

"ಆ ಬಾಯಿ ದೇಶದಾಗ ಮೊಲ ಬಂದು ಹುಲ್ಲಿನ್ಯಾಗ ಬಣ್ಣದ ತತ್ತಿ ಇಟ್ಟುಹೋಗ್ತದರಿ."

"ಮೊಲ?"

"ಹೌದ್ರಿ, ಮೊಲ."

ಮರುದಿನ ಬೋರಿನ ಹತ್ತಿರ ಗುರಮ್ಮ ಕೊಡ ಇಳಿಸಿ ಸುದ್ದಿ ಬಿಚ್ಚಿದಳು. ಗಂಟೆ ಹಾರುವುದನ್ನು ಹೆಂಗಸರು ಹೇಗೋ ನುಂಗಿಕೊಂಡರು. ಜರ್ಮನಿಯಲ್ಲಿ ಮೊಲ ತತ್ತಿ ಇಡುತ್ತದೆ ಎಂದಾಗ ಓಣಿಯ ನಿಂಬೆವ್ವ ಪಂಪು ಹೊಡೆಯುವುದನ್ನೇ ನಿಲ್ಲಿಸಿದಳು.

"ನಿಮ್ಮ ಎಮ್ಮಿ ಯಾವಾಗ ಇಡ್ತದಬೇ ಗುರಮ್ಮ?"

"ಓದಿದಾಕಿ ಹೇಳ್ಯಾಳ. ನಿನಗೇನ ಗೊತ್ತ? ಜೇವರ್ಗಿ ದಾಟಿ ನೋಡಿದಾಕಿ ಅಲ್ಲ ನೀನು."

ಅಂದಿನಿಂದ ನಿಂಬೆವ್ವ ಎಲ್ಲಿ ಸಿಕ್ಕರೂ ಎಮ್ಮೆಯ ಯೋಗಕ್ಷೇಮ ವಿಚಾರಿಸತೊಡಗಿದಳು. ಕಾವಿಗೆ ಕೂತಿತೇ ಎಂದು ಒಮ್ಮೆ ಕಿರಾಣಿ ಅಂಗಡಿಯ ಮುಂದೆ ಹತ್ತು ಜನರ ನಡುವೆ ಕೇಳಿದಳು. ಹಣಮಂತರಾಯನ ಮುಖದಲ್ಲೂ ಒಂದು ನಗು ಕಂಡ ಮೇಲೆ ಗುರಮ್ಮನಿಗೆ ತಡೆಯಲಾಗಲಿಲ್ಲ. ನೇರ ಖೋಲಿಗೆ ಹೋದಳು.

"ಖರೇ ಹೇಳು. ಮೊಲ ತತ್ತಿ ಇಡ್ತದೋ ಇಲ್ಲೋ?"

ಸುಂದರಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇಡ್ತದ ಅಂದ್ರ ತಂದು ಇಡ್ತದರಿ ಅವ್ವಾರ. ಹಡಿಯೂದಿಲ್ಲ. ಅದೂ ಮಕ್ಕಳಿಗಿ ಹೇಳೂ ಕತಿ."

ಗುರಮ್ಮ ಗೋಡೆಗೆ ಒರಗಿ ಕುಳಿತಳು. ಹೋಗಿ ಹೋಗಿ ನಿಂಬೆವ್ವನ ಮುಂದೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಊರು ಬಿಟ್ಟ ಹಾಗೆ. ಹಬ್ಬವೇ ಕಣ್ಣಿಗೆ ಬಿದ್ದರೆ ಮೊಲದ ಮಾತನ್ನು ಯಾರು ಎತ್ತುತ್ತಾರೆ ಎಂದುಕೊಂಡು, "ಐತ್ವಾರ ಹಬ್ಬ ಮಾಡು. ಎಲ್ಲರೂ ಬಂದು ನೋಡ್ಲಿ," ಎಂದಳು.

"ತತ್ತಿ ಬೇಕಲ್ರಿ?"

"ನನ್ನ ಮನಿಯಾಗಲ್ಲ. ಬದರುನ್ನಿಸಾನ ಅಂಗಳ ಅದಲ್ಲ."

ಬದರುನ್ನಿಸಾ ಮಗ್ಗುಲ ಮನೆಯವಳು, ಕೋಳಿ ಸಾಕಿದವಳು. ಎರಡೂ ಅಂಗಳಗಳ ನಡುವೆ ಎದೆಮಟ್ಟದ ಗೋಡೆ. ಐತವಾರ ನಸುಕಿನಲ್ಲಿ ಸುಂದರಬಾಯಿ ಖೋಲಿಯಲ್ಲಿ ಒಬ್ಬಳೇ ಪ್ರಾರ್ಥನೆಗೆ ಕೂತು ಮೆಲ್ಲಗೆ ಹಾಡಿದಳು. ಗುರಮ್ಮ ಗಂಡನ ಕೈಯಿಂದ ರೇಡಿಯೋ ಕಸಿದು ಹಾಡು ಮುಗಿಯುವವರೆಗೆ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಬದರುನ್ನಿಸಾನ ಒಲೆಯ ಮೇಲೆ ಉಳ್ಳಾಗಡ್ಡಿ ಸಿಪ್ಪೆಯ ಜೊತೆ ತತ್ತಿ ಕುದ್ದವು, ಇಟ್ಟಂಗಿಯಂತೆ ಕೆಂಪಾದವು. ಅರಿಷಿಣದಲ್ಲಿ ಕುದಿಸಿದವು ಹಳದಿಯಾದವು. ಓಣಿಯ ಹೆಂಗಸರೆಲ್ಲ ಬಂದರು. ಗುರಮ್ಮ ಗೋಡೆಯ ಈಚೆ, ತನ್ನ ಅಂಗಳದಲ್ಲೇ ನಿಂತಳು.

ಸುಂದರಬಾಯಿ ಗ್ರೀಸಿನವರ ಆಟ ಕಲಿಸಿದಳು. ಇಬ್ಬರು ಒಂದೊಂದು ತತ್ತಿ ಹಿಡಿದು ತುದಿಗೆ ತುದಿ ಕುಟ್ಟಬೇಕು, ಯಾರದು ಒಡೆಯಿತೋ ಅವರು ಸೋತರು. ನಿಂಬೆವ್ವನ ಕೈಯಲ್ಲಿದ್ದುದು ಗಟ್ಟಿ ತತ್ತಿ. ಬದರುನ್ನಿಸಾನದು ಒಡೆಯಿತು, ಸುಂದರಬಾಯಿಯದು ಒಡೆಯಿತು. ನಿಂಬೆವ್ವ ತನ್ನದನ್ನು ಗೋಡೆಯ ಮೇಲೆ ಎತ್ತಿ ಹಿಡಿದಳು.

"ಇದು ಮೊಲದ್ದೋ, ನಿಮ್ಮ ಎಮ್ಮಿದೋ?"

ಗುರಮ್ಮ ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, "ಒಂದು ಈಕಡಿ ಕೊಡು," ಎಂದಳು. ಬದರುನ್ನಿಸಾ ಬೆರಗಾಗಿ ಹಳದಿಯದೊಂದು ಕೊಟ್ಟಳು. ಟಕ್ ಎಂದಿತು. ನಿಂಬೆವ್ವನ ಕೆಂಪು ತತ್ತಿ ಅರ್ಧಕ್ಕೆ ಸೀಳಿತು. ಗುರಮ್ಮ ತನ್ನದನ್ನು ಗೋಡೆಯ ಆಚೆಯೇ ಇಟ್ಟು, ಸೀದಾ ಬಚ್ಚಲಿಗೆ ನಡೆದಳು.

"ಮುಂಜಾನಿ ಜಳಕ ಆಗಿತ್ತಲ್ಲ?" ಹಣಮಂತರಾಯ ಕೇಳಿದ.

"ಬ್ಯಾಸಗಿ ಅದ," ಎಂದಳು ಒಳಗಿನಿಂದ.

ಬೋರಿನ ಹತ್ತಿರ ಎಮ್ಮೆಯ ವಿಚಾರ ಮತ್ತೆ ಏಳಲಿಲ್ಲ. ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ ಗುರಮ್ಮ, ಹಬ್ಬದ ಮರುದಿನ ಏನಾದರೂ ಇದೆಯೇ ಎಂದು ಸುಮ್ಮನೆ ಕೇಳಿದಳು. ಪೋಲೆಂಡಿನಲ್ಲಿ ಅಂದು ಒಬ್ಬರ ಮೇಲೊಬ್ಬರು ನೀರು ಸುರಿಯುತ್ತಾರೆ ಎಂದಳು ಸುಂದರಬಾಯಿ. ಮೊದಲು ಗಂಡಸರು ಹೆಂಗಸರ ಮೇಲೆ ಸುರಿಯುವುದು ರೂಢಿ.

"ಇಲ್ಲಿ ಮೊದಲು ಹೆಂಗಸರು," ಎಂದು ಗುರಮ್ಮ ಎದ್ದಳು. ಕಟ್ಟೆಯ ಮೇಲೆ ಹಣಮಂತರಾಯ ಪೇಪರಿನಲ್ಲಿ ಮುಳುಗಿದ್ದ. ನೀರಿಗೆ ಬರವಿದ್ದ ದಿನಗಳು, ಅದಕ್ಕೆ ಅವಳು ಒಂದೇ ತಂಬಿಗೆ ತುಂಬಿಕೊಂಡಳು.